ಎಚ್ಚರಿಸಿದವನೂ ಜೊತೆಗೇ ನಡೆದ

ಜುಲೈ 24 ಬಂತೆಂದರೆ ಅಮೆರಿಕದ ಯೂಟಾ ರಾಜ್ಯಕ್ಕೆ ರಜೆ. 1847ರಲ್ಲಿ ಬ್ರಿಗಮ್ ಯಂಗ್ ನೇತೃತ್ವದ ಮಾರ್ಮನ್ನರು ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆ ನಿಂತ ನೆನಪು ಅದು. ಪ್ರಾಜೆಕ್ಟ್ ಕೆಲಸಕ್ಕೆ ನಾನು ಅಲ್ಲಿದ್ದ ವರ್ಷ, ಟೀಮಿನ ಮಾರ್ಮನ್ ಗೆಳೆಯನೊಬ್ಬ ಮಗಳ ಫೋಟೋ ತೋರಿಸಿದ. ಉದ್ದ ಲಂಗ, ತಲೆಗೆ ಹಳೇ ಕಾಲದ ಬಟ್ಟೆ ಟೋಪಿ, ಕೈಯಲ್ಲಿ ಮರದ ಗಾಡಿಯ ಹಿಡಿ. ಚರ್ಚಿನವರು ಹದಿಹರೆಯದ ಮಕ್ಕಳಿಂದ ಎರಡು ಮೂರು ದಿನ ಹೀಗೆ ಗಾಡಿ ಎಳೆಸ್ತಾರಂತೆ. "ಯಾಕಪ್ಪಾ ಈ ಕಷ್ಟ?" ಅಂದೆ. "ಲೀವೈ ಸ್ಯಾವೇಜ್ ಬಗ್ಗೆ ಓದು" ಅಂದ. ಓದಿದೆ. ಅವತ್ತಿಂದ ಆ ಮನುಷ್ಯ ನನ್ನ ತಲೆಯಿಂದ ಹೋಗಿಲ್ಲ.

ಇದು 1856ರ ಕಥೆ. ಬ್ರಿಟನ್, ಡೆನ್ಮಾರ್ಕ್ ಕಡೆಯ ಬಡ ಮಾರ್ಮನ್ನರಿಗೆ ಯೂಟಾ ಸೇರುವ ಆಸೆ, ಎತ್ತಿನಗಾಡಿಗೆ ದುಡ್ಡಿಲ್ಲ. ರೈಲು ಅಯೋವಾ ಸಿಟಿಯವರೆಗೆ ಮಾತ್ರ. ಅಲ್ಲಿಂದ ಮುಂದೆ ಸುಮಾರು 2,100 ಕಿಲೋಮೀಟರ್. ಬ್ರಿಗಮ್ ಯಂಗ್ ಕಂಡುಕೊಂಡ ಉಪಾಯ ಕೈಗಾಡಿ. ನಮ್ಮ ತರಕಾರಿಯವರ ತಳ್ಳುಗಾಡಿಯಂತಲ್ಲ. ಎರಡು ಚಕ್ರ, ಮುಂದೆ ನಿಂತು ಮನುಷ್ಯರೇ ಎಳೀಬೇಕು. ದೊಡ್ಡವರಿಗೆ ತಲಾ 17 ಪೌಂಡ್ ಸಾಮಾನು. ವಿಮಾನದಲ್ಲಿ ನಾವು ಕೈಲಿ ಹಿಡಿದು ಹತ್ತುವ ಬ್ಯಾಗಿನಷ್ಟು ತೂಕದಲ್ಲಿ ಒಬ್ಬರ ಇಡೀ ಸಂಸಾರ.

ಆ ವರ್ಷದ ಮೊದಲ ಮೂರು ತಂಡಗಳು ಹೇಗೋ ಸೇರಿಕೊಂಡವು. ನಾಲ್ಕನೆಯದು ಜೇಮ್ಸ್ ವಿಲ್ಲಿಯ ತಂಡ, ಹತ್ತಿರ ಹತ್ತಿರ 500 ಜನ. ಹಡಗು ಹೊರಟಿದ್ದೇ ತಡ, ಅಯೋವಾದಲ್ಲಿ ನೋಡಿದರೆ ಗಾಡಿಗಳು ರೆಡಿ ಇಲ್ಲ. ಆಮೇಲೆ ಮಾಡಿಕೊಟ್ಟದ್ದೂ ಸರಿಯಾಗಿ ಒಣಗದ ಮರದ್ದು. ನೆಬ್ರಾಸ್ಕಾದ ಫ್ಲಾರೆನ್ಸ್ ತಲುಪುವಷ್ಟರಲ್ಲಿ ಆಗಸ್ಟ್ 11. ಎದುರಿಗೆ ಇನ್ನೂ ಸಾವಿರ ಮೈಲಿ, ಕೊನೆಗೆ ರಾಕಿ ಪರ್ವತ.

ಎರಡು ದಿನ ಬಿಟ್ಟು ಸಭೆ ಸೇರಿತು. ಈಗಲೇ ಹೊರಡೋದಾ, ಚಳಿಗಾಲ ಇಲ್ಲೇ ಕಳೆಯೋದಾ?

ಆಗ ಎದ್ದು ನಿಂತವನು ಸ್ಯಾವೇಜ್. ಧರ್ಮಪ್ರಚಾರಕ್ಕೆ ಅಂತ 1852ರಲ್ಲಿ ಮನೆ ಬಿಟ್ಟು, ಕಲ್ಕತ್ತಾ ಮುಟ್ಟಿ, ಬರ್ಮಾದಲ್ಲಿ ಸುಮಾರು ಎರಡು ವರ್ಷ ದುಡಿದು ವಾಪಸ್ ಹೊರಟವನು. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಪುಟ್ಟ ಮಗ ಯೂಟಾದಲ್ಲಿ ಅಕ್ಕರೆಯವರ ಮನೆಯಲ್ಲಿ ಬೆಳೆಯುತ್ತಿದ್ದ. ಬೇಗ ಊರು ಸೇರುವ ತವಕ ಅಲ್ಲಿ ಎಲ್ಲರಿಗಿಂತ ಅವನಿಗೇ ಜಾಸ್ತಿ ಇದ್ದಿರಬೇಕು. ಆದರೂ ಹೇಳಿದ: ಈಗ ಹೊರಟರೆ ಹಿಮಕ್ಕೆ ಸಿಕ್ಕಿಬೀಳ್ತೀವಿ, ಮುದುಕರು ಮಕ್ಕಳು ಸಾಯ್ತಾರೆ. ಹೇಳುತ್ತಾ ಹೇಳುತ್ತಾ ಅತ್ತ. ಉಳಿದ ಮುಖಂಡರು ದೇವರು ದಾರಿ ಮಾಡಿಕೊಡ್ತಾನೆ ಅಂದರು. ಬಹುಪಾಲು ಜನ ಹೊರಡೋಣ ಅಂತಲೇ ತೀರ್ಮಾನಿಸಿದರು.

ಸ್ಯಾವೇಜ್ ಆಗ ಇನ್ನೊಂದು ಮಾತು ಸೇರಿಸಿದ. ನಾನು ಹೇಳಿದ್ದು ನಿಜ, ಆದರೆ ನೀವು ಹೋಗೋದೇ ಆದರೆ ನಾನೂ ಬರ್ತೀನಿ. ನಿಮ್ಮ ಜೊತೆ ದುಡೀತೀನಿ, ಬೇಕಾದರೆ ಸಾಯ್ತೀನಿ. ಇದು ಅವನ ಮಾತಿನ ಸಾರ.

ಸೆಪ್ಟೆಂಬರಿನಲ್ಲಿ ಚರ್ಚಿನ ಹಿರಿಯ ಫ್ರಾಂಕ್ಲಿನ್ ರಿಚರ್ಡ್ಸ್ ಕುದುರೆ ಗಾಡಿಯಲ್ಲಿ ಇವರನ್ನು ಹಿಂದಿನಿಂದ ಬಂದು ಸೇರಿದರು. ನಿನಗೆ ನಂಬಿಕೆ ಸಾಲದು ಅನ್ನೋ ರೀತಿ ಸ್ಯಾವೇಜನನ್ನು ಎಲ್ಲರೆದುರು ತರಾಟೆಗೆ ತಗೊಂಡು, ಮುಂದೆ ಹೋದರು.

ಅಕ್ಟೋಬರ್ 19ಕ್ಕೆ ಹಿಮಗಾಳಿ ಬಂತು. ಹಿಟ್ಟು ಮುಗಿಯಿತು. ಅಷ್ಟರಲ್ಲಿ ರಿಚರ್ಡ್ಸ್ ತಂದ ಸುದ್ದಿ ಕೇಳಿ, ಅಕ್ಟೋಬರ್ 5ರ ಭಾನುವಾರ ಬ್ರಿಗಮ್ ಯಂಗ್ ಬೇರೆ ಬೋಧನೆ ಬದಿಗಿಟ್ಟು, ಆ ಜನರನ್ನು ಕರೆತರೋದೇ ಇವತ್ತಿನ ನಮ್ಮ ಧರ್ಮ ಅಂದಿದ್ದರು. ಹೇಸರಗತ್ತೆ, ಹಿಟ್ಟು, ಬಟ್ಟೆ ಕೂಡಿಸಿ 7ಕ್ಕೆ ಮೊದಲ ಗಾಡಿಗಳು ಹೊರಟವು, 21ಕ್ಕೆ ತಲುಪಿದವು. ಆದರೂ 23ರಂದು ರಾಕಿ ರಿಜ್ ಅನ್ನೋ ಏರು ಹತ್ತಲೇಬೇಕಾಯಿತು. ಕೈಲಾಗದವರನ್ನು ತುಂಬಿಕೊಂಡ ಗಾಡಿಗಳ ಜೊತೆ ಸ್ಯಾವೇಜ್ ಎಲ್ಲರಿಗಿಂತ ಹಿಂದೆ. ಬಿಡಾರ ಸೇರುವಾಗ ಬೆಳಗಿನ ಜಾವ. ಅಲ್ಲಿ 13 ಜನರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು. ಗುಂಡಿ ತೋಡಿದವರಲ್ಲೂ ಇಬ್ಬರು ಹೋದರು. ಈ ತಂಡ, ಹಿಂದಿದ್ದ ಮಾರ್ಟಿನ್ ತಂಡ ಸೇರಿ ಸತ್ತವರು 200ಕ್ಕೂ ಹೆಚ್ಚು. ತಡವಾಗಿ ಕಳಿಸಿದ ತಪ್ಪನ್ನು ಬ್ರಿಗಮ್ ಯಂಗ್ ಬಹಿರಂಗವಾಗಿಯೇ ರಿಚರ್ಡ್ಸ್ ಮತ್ತಿತರರ ಮೇಲೆ ಹೊರಿಸಿದರು. ಯೋಜನೆ ಮಾತ್ರ ಅವರದೇ.

ಸ್ಯಾವೇಜನ ಸಭೆಯ ಮಾತು ನಮಗೆ ಉಳಿದಿರೋದು ಅದೇ ತಂಡದ ಜಾನ್ ಚಿಸ್ಲೆಟ್ ಬರೆದದ್ದರಿಂದ. ಚಿಸ್ಲೆಟ್ ಆಮೇಲೆ ಚರ್ಚನ್ನೇ ಬಿಟ್ಟ, ಅದರ ಮುಖಂಡರನ್ನು ಕಟುವಾಗಿ ಟೀಕಿಸಿದ. ಆದರೆ ಸ್ಯಾವೇಜನಷ್ಟು ಯಾರೂ ದುಡಿಯಲಿಲ್ಲ ಅಂತ ಬರೆದವನೂ ಅವನೇ.

"ಚಿಕ್ಕವನಿದ್ದಾಗ ಇದನ್ನ ವಿಧೇಯತೆಯ ಪಾಠ ಅಂತ ಹೇಳಿಕೊಡ್ತಿದ್ರು" ಅಂದ ಗೆಳೆಯ. ಮಾರ್ಮನ್ ಗ್ರಂಥದಲ್ಲಿ ನೀಫೈ ಅನ್ನುವವನ ಮಾತೊಂದಿದೆ: ದೇವರು ಆಜ್ಞೆ ಕೊಟ್ಟರೆ ಅದಕ್ಕೆ ದಾರಿಯನ್ನೂ ಇಟ್ಟಿರ್ತಾನೆ ಅನ್ನೋ ಅರ್ಥದ್ದು. ಮಕ್ಕಳಿಗೆಲ್ಲ ಅದು ಬಾಯಿಪಾಠ. "ನಂಗೀಗ ಇನ್ನೊಂದು ಮುಖ್ಯ ಅನ್ಸುತ್ತೆ" ಅಂತ ಅವನು ತೋರಿಸಿದ್ದು ಮೊಸಾಯಾ 18ನೇ ಅಧ್ಯಾಯ. ದೀಕ್ಷೆ ತಗೊಳ್ಳೋರು ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರಲು, ಅಳುವವರ ಜೊತೆ ಅಳಲು ಒಪ್ಪಿರಬೇಕು ಅನ್ನುತ್ತೆ ಅದು. ಫ್ಲಾರೆನ್ಸಿನಲ್ಲಿ ನೀಫೈಯ ಮಾತಿನ ಧೈರ್ಯ ಎಲ್ಲರಿಗೂ ಇತ್ತು. ಮೊಸಾಯಾದ ಮಾತಿಗೆ ತಕ್ಕಂತೆ ನಡೆದವನು, ನಂಬಿಕೆ ಸಾಲದು ಅಂತ ಬೈಸಿಕೊಂಡವನು.

ಇದು ನನ್ನನ್ನು ಕಾಡೋದಕ್ಕೆ ಕಾರಣ ಇದೆ. ಒಂದು ರಿಲೀಸ್ ಡೇಟ್ ಆಗಲ್ಲ ಅಂತ ಗೊತ್ತಿದ್ದೂ ನಾನು ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ, ನೆಗೆಟಿವ್ ಅನ್ನಿಸಿಕೊಳ್ಳೋ ಭಯ. ಎಲ್ಲ ಕೆಟ್ಟ ಮೇಲೆ ಕಾಫಿ ಮಶೀನ್ ಹತ್ತಿರ "ನಂಗೆ ಮೊದಲೇ ಗೊತ್ತಿತ್ತು" ಅಂದೆ. ಆ ವಾರ ಜೂನಿಯರ್ ಹುಡುಗರು ರಾತ್ರಿಯೆಲ್ಲ ಕೂತರು, ನಾನು ಆರಕ್ಕೆ ಮನೆಗೆ ಹೋದೆ. ಅಲ್ಲಿ ಜೀವಗಳು ಹೋದವು, ಇಲ್ಲಿ ನಿದ್ದೆ ಹೋಯಿತು. ಹೋಲಿಕೆ ದೊಡ್ಡದು ಅಂತ ಗೊತ್ತು. ಆದರೆ ಸ್ಯಾವೇಜ್ ಮಾಡಿದ ಎರಡು ಕೆಲಸದಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ.

ಮುಂದಿನ ಸಲ ಕೈ ಎತ್ತಿ ಹೇಳಿದೆ. ಡೇಟೇನೂ ಬದಲಾಗಲಿಲ್ಲ. ಆ ಶನಿವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಹುಡುಗರ ಪಕ್ಕ ಕೂತೆ.