ಗಾಟ್‌ಫ್ರೀಡ್ ಮಿಂಟ್: ಒಬ್ಬ ಜಲವರ್ಣ ಚಿತ್ರಕಾರನೂ ಅವನಿಗೆ ಸಂದ ಹೆಸರುಗಳೂ

ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಬಾಳಿ ಮಡಿದ ಗಾಟ್‌ಫ್ರೀಡ್ ಮಿಂಟ್ ಎಂಬ ಜಲವರ್ಣ ಚಿತ್ರಕಾರನಿಗೆ ಚರಿತ್ರೆಯು ಎರಡು ಹೆಸರುಗಳನ್ನು ಕೊಟ್ಟಿದೆ. ಕಲಾರಸಿಕರು ಅವನನ್ನು ‘ಬೆಕ್ಕುಗಳ ರಾಫೆಲ್’ ಎಂದು ಕರೆದರು. ವೈದ್ಯಗ್ರಂಥಗಳು ಅವನನ್ನು ಬುದ್ಧಿಮಾಂದ್ಯರ ಸಾಲಿನಲ್ಲಿ ಸೇರಿಸಿ, ಆ ಸಾಲಿಗೊಂದು ವಿಸ್ಮಯಕರವಾದ ಅಪವಾದವೆಂದು ಬಣ್ಣಿಸಿದವು. ಮೊದಲನೆಯದು ಹೊಗಳಿಕೆ, ಎರಡನೆಯದು ಕನಿಕರ. ಅವನು ಚಿತ್ರವನ್ನು ಹೇಗೆ ಬರೆದನೆಂಬುದನ್ನು ಇವೆರಡರಲ್ಲಿ ಯಾವುದೂ ತಿಳಿಸುವುದಿಲ್ಲ. ದೊರೆಯುವ ದಾಖಲೆಗಳಿಂದ ಆ ಕಾರ್ಯವಿಧಾನವನ್ನು ಅರಿಯಲೆತ್ನಿಸುವುದೇ ಈ ಲೇಖನದ ಉದ್ದೇಶ.

ಮಿಂಟ್ ಹುಟ್ಟಿದ್ದು ೧೭೬೮ರಲ್ಲಿ. ಹಂಗೇರಿ ಮೂಲದವನಾದ ತಂದೆ ಬಡಗಿ. ಬರ್ನ್ ಸಮೀಪದ ವೊರ್ಬ್ಲಾಫೆನ್ನಿನ ಕಾಗದದ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಒಂದು ಬೇಸಗೆಯಲ್ಲಿ ಕಾರ್ಖಾನೆಯ ಯಜಮಾನನ ಮನೆಗೆ ಬಂದು ತಂಗಿದ್ದ ಜರ್ಮನ್ ಚಿತ್ರಕಾರನೊಬ್ಬನು ಈ ದುರ್ಬಲ ಬಾಲಕನಿಗೆ ರಿಡಿಂಗರನ ಪ್ರಾಣಿಚಿತ್ರಗಳ ಅಚ್ಚುಪ್ರತಿಗಳನ್ನು ತೋರಿಸಿದನೆಂದು ಮಿಂಟನ ಆದಿಚರಿತಕಾರರು ಹೇಳುತ್ತಾರೆ. ಔಗ್ಸ್‌ಬರ್ಗಿನ ರಿಡಿಂಗರ್ ಮೃಗಗಳನ್ನು ಕೆತ್ತುವುದರಲ್ಲಿ ಹೆಸರಾಂತವನು. ಮಗನ ಈ ಹವ್ಯಾಸ ತಂದೆಗೆ ಹಿಡಿಸಲಿಲ್ಲ. ಅವನು ಕಾಗದವನ್ನು ಕೊಡದೆ ಮರದ ತುಂಡುಗಳನ್ನು ಕೊಟ್ಟನು. ಬಾಲಕನು ಆ ಮರದಲ್ಲಿಯೇ ಕುರಿ, ಆಡುಗಳನ್ನು ಕೆತ್ತಿದನು. ಪ್ರಾಣಿದೇಹದ ಘನತ್ವವನ್ನು ಅವನ ಕೈ ಮೊದಲು ಅರಿತುದು ಹೀಗೆ. ಮುಂದೆ ಚಳಿಗಾಲದ ಸಂಜೆಗಳಲ್ಲಿ ಚೆಸ್ಟ್‌ನಟ್ ಬೀಜಗಳಲ್ಲಿ ಸಣ್ಣ ಸಣ್ಣ ಕರಡಿಗಳನ್ನು ಕೆತ್ತುತ್ತಿದ್ದುದೂ ಈ ಅಭ್ಯಾಸದ ಮುಂದುವರಿಕೆಯೇ.

ಬಾಲಕನನ್ನು ಬಳಿಕ ಪೆಸ್ಟಲೋಟ್ಸಿಯು ನೊಯ್‌ಹೋಫಿನಲ್ಲಿ ಬಡಮಕ್ಕಳಿಗಾಗಿ ನಡೆಸುತ್ತಿದ್ದ ಶಾಲೆಗೆ ಕಳುಹಿಸಿದರು. ಅಲ್ಲಿ ಮಕ್ಕಳು ನೂಲುತ್ತ, ನೇಯುತ್ತ ಕಲಿಯಬೇಕಾಗಿತ್ತು. ೧೭೭೮ರಲ್ಲಿ ಪೆಸ್ಟಲೋಟ್ಸಿ ಪ್ರಕಟಿಸಿದ ವರದಿಯಲ್ಲಿ ಒಬ್ಬೊಬ್ಬ ಮಗುವಿನ ಬಗೆಗೂ ಒಂದೆರಡು ಸಾಲುಗಳಿವೆ. ಹತ್ತು ವರ್ಷದ ಮಿಂಟ್ ಬಹಳ ದುರ್ಬಲ, ಶ್ರಮದ ದುಡಿಮೆಗೆ ಅಸಮರ್ಥ, ಚಿತ್ರಕಲೆಯಲ್ಲಿ ತುಂಬು ಪ್ರತಿಭಾವಂತ, ಅತ್ಯಂತ ವಿಚಿತ್ರ ಜೀವಿ, ಕಲಾವಿದನ ಚಪಲಗಳ ಜೊತೆಗೆ ಕೊಂಚ ತುಂಟತನವುಳ್ಳವನು, ಚಿತ್ರ ಬರೆಯುವುದೇ ಅವನ ಸಮಸ್ತ ಕೆಲಸ ಎಂಬುದು ಅದರ ಸಾರ. ಮಿಂಟನನ್ನು ಕುರಿತ ಸಮಕಾಲೀನ ಸಾಕ್ಷ್ಯಗಳಲ್ಲಿ ಇದು ಬಹು ಬೆಲೆಯುಳ್ಳದ್ದು. ಬರೆದವನು ಮಕ್ಕಳನ್ನು ಹತ್ತಿರದಿಂದ ಕಂಡ ಶಿಕ್ಷಕ. ಅವನು ಬಾಲಕನ ವೈಚಿತ್ರ್ಯವನ್ನು ಮರೆಮಾಚಲಿಲ್ಲ. ಆದರೆ ಅದನ್ನು ಬುದ್ಧಿಹೀನತೆ ಎಂದೂ ಕರೆಯಲಿಲ್ಲ.

ಸುಮಾರು ೧೭೮೦ರಲ್ಲಿ ಮಿಂಟ್ ಬರ್ನಿನ ಚಿತ್ರಕಾರ ಫ್ರಾಯ್ಡನ್‌ಬರ್ಗರನ ಮನೆಯನ್ನು ಸೇರಿದನು. ಆ ಕಾಲದ ಬರ್ನಿನಲ್ಲಿ ಆಬರ್ಲಿಯು ರೂಢಿಗೆ ತಂದ ಪದ್ಧತಿಯೊಂದು ಬಳಕೆಯಲ್ಲಿತ್ತು. ತಾಮ್ರದ ತಗಡಿನಲ್ಲಿ ತೆಳುವಾದ ಹೊರರೇಖೆಗಳನ್ನಷ್ಟೆ ಕೊರೆದು ಅಚ್ಚೊತ್ತುವುದು, ಅನಂತರ ಪ್ರತಿಯೊಂದು ಪ್ರತಿಗೂ ಕೈಯಿಂದ ಜಲವರ್ಣ ತುಂಬುವುದು. ಪ್ರವಾಸಿಗಳು ಇಂಥ ಚಿತ್ರಗಳನ್ನು ಆಸೆಯಿಂದ ಕೊಳ್ಳುತ್ತಿದ್ದರು. ಹಾಗಾಗಿ ಒಂದೇ ಚಿತ್ರಕ್ಕೆ ಮತ್ತೆ ಮತ್ತೆ ಬಣ್ಣ ಹಾಕುವ ಕೈಗಳು ಬೇಕಾಗಿದ್ದವು. ಮಿಂಟನ ಕೈ ಅಂಥದೊಂದಾಯಿತು. ಅನ್ಯರಿಗೆ ಬೇಸರವನ್ನು ತರಬಹುದಾದ ಈ ಪುನರಾವೃತ್ತಿಯಿಂದ ಅವನಿಗೆ ಲಭಿಸಿದುದು ತೆಳುವರ್ಣದ ಮೇಲಿನ ಹತೋಟಿ. ಓದು ಬರಹ ಮಾತ್ರ ಅವನಿಗೆ ಹತ್ತಲಿಲ್ಲ; ತನ್ನ ಹೆಸರನ್ನು ಬರೆಯುವುದೂ ಪ್ರಯಾಸವಾಗಿತ್ತು.

ಗುರುವು ರೈತಕುಟುಂಬವೊಂದರ ಚಿತ್ರದಲ್ಲಿ ಬೆಕ್ಕನ್ನು ಬರೆಯುತ್ತಿರಲು, ಅದು ಬೆಕ್ಕೇ ಅಲ್ಲವೆಂದು ಶಿಷ್ಯನು ಅಂದನಂತೆ. ನೀನು ಬರೆಯಬಲ್ಲೆಯಾ ಎಂದು ಗುರು ಕೇಳಲು, ಅವನು ಮೂಲೆಯಲ್ಲಿ ಕುಳಿತು ಬರೆದು ತೋರಿಸಿದನು. ಗುರು ಆ ಬೆಕ್ಕನ್ನೇ ತನ್ನ ಚಿತ್ರಕ್ಕೆ ಇಳಿಸಿಕೊಂಡನು. ಕಥೆಯ ಸತ್ಯಾಸತ್ಯವೇನೇ ಇರಲಿ, ಮಿಂಟನ ಬೆಕ್ಕುಗಳಲ್ಲಿ ಕಾಣುವ ಗುಣವನ್ನು ಅದು ಸರಿಯಾಗಿ ಗುರುತಿಸುತ್ತದೆ. ಅವು ದೃಶ್ಯಕ್ಕೆ ಅಲಂಕಾರವಾಗಿ ಬಂದ ಬೆಕ್ಕುಗಳಲ್ಲ. ಮರಿಯನ್ನು ನೆಕ್ಕುವ ತಾಯಿ, ಆಟದಲ್ಲಿ ಬೆನ್ನು ಬಾಗಿಸಿದ ಮರಿ, ಅರೆನಿದ್ದೆಯ ಕಣ್ಣು, ಇವೆಲ್ಲ ಬೇರೆ ಬೇರೆ ಸ್ವಭಾವಗಳಾಗಿ ನಿಲ್ಲುತ್ತವೆ.

ಈ ಸಿದ್ಧಿಯ ಮೂಲವನ್ನು ಚರಿತಕಾರರು ವಿವರಿಸುವ ದಿನಚರಿಯಲ್ಲಿ ಕಾಣಬಹುದು. ಕೆಲಸ ಮಾಡುವಾಗ ಮಿನೆಟ್ ಎಂಬ ಬೆಕ್ಕು ಅವನ ತೊಡೆಯ ಮೇಲೋ ಪಕ್ಕದಲ್ಲೋ ಇರುತ್ತಿತ್ತು, ಮರಿಗಳು ಹೆಗಲನ್ನೇರುತ್ತಿದ್ದವು. ಅವುಗಳಿಗೆ ತೊಂದರೆಯಾದೀತೆಂದು ಅವನು ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುತ್ತಿದ್ದನು. ನಗರದ ಕರಡಿಗುಂಡಿಗೂ ಹೋಗಿ ನಿಲ್ಲುತ್ತಿದ್ದನು. ಕಂಡುದನ್ನು ಬಹುದಿನಗಳ ಮೇಲೆ ನೆನಪಿನಿಂದಲೇ ಬರೆಯುತ್ತಿದ್ದನು. ಅಂದರೆ ದೀರ್ಘವಾದ ನಿಶ್ಚಲ ವೀಕ್ಷಣೆ, ದೃಢವಾದ ದೃಶ್ಯಸ್ಮೃತಿ, ಒಂದೇ ವಸ್ತುವಿಗೆ ಮರಳಿ ಮರಳಿ ಬರುವ ನಿಷ್ಠೆ: ಇವು ಮೂರೂ ಸೇರಿ ಅವನ ವಿಧಾನ. ೧೮೦೯ರಲ್ಲಿ ಬೆಕ್ಕುಗಳಿಗೆ ಹುಚ್ಚು ಹಿಡಿದಿದೆಯೆಂಬ ಭಯದಿಂದ ಅಧಿಕಾರಿಗಳು ಅವುಗಳನ್ನು ಕೊಲ್ಲಿಸಿದಾಗ, ಸತ್ತವು ಸುಮಾರು ೮೦೦ ಎಂದು ಹೇಳುತ್ತಾರೆ. ಮಿಂಟ್ ಮಿನೆಟ್ಟನ್ನು ಅಡಗಿಸಿ ಉಳಿಸಿದನು; ಉಳಿದವುಗಳಿಗಾಗಿ ಅವನು ಪಟ್ಟ ದುಃಖ ಕೊನೆಯವರೆಗೂ ಶಮನವಾಗಲಿಲ್ಲವಂತೆ.

ಇನ್ನು ಎರಡನೆಯ ಹೆಸರಿನ ವಿಚಾರ. ಆಲ್ಪ್ಸ್ ಕಣಿವೆಗಳಲ್ಲಿ ಅಯೋಡಿನ್ ಕೊರತೆಯಿಂದ ಬರುತ್ತಿದ್ದ ಕ್ರೆಟಿನ್ ರೋಗವು ಆಗ ಎಲ್ಲರಿಗೂ ಪರಿಚಿತವಾಗಿತ್ತು. ಓದಲಾರದ, ನಡೆನುಡಿ ಒಗ್ಗದ ವ್ಯಕ್ತಿಗೆ ಆ ಹೆಸರನ್ನು ಅಂಟಿಸುವುದು ಸುಲಭವಾಗಿತ್ತು. ೨೦ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವೈದ್ಯ ಟ್ರೆಡ್‌ಗೋಲ್ಡ್ ಅದೇ ಅಭಿಪ್ರಾಯವನ್ನು ತನ್ನ ಗ್ರಂಥದಲ್ಲಿ ಮುಂದುವರಿಸಿದನು. ೧೯೪೩ರಲ್ಲಿ ಕ್ಯಾನರ್ ಆಟಿಸಂ ಸ್ಥಿತಿಯನ್ನು ವಿವರಿಸಿದ ಮೇಲೆ ಮಿಂಟನನ್ನು ಆ ದೃಷ್ಟಿಯಿಂದ ನೋಡುವುದು ಸಾಧ್ಯವಾಯಿತು. ೧೯೯೦ರ ದಶಕದಲ್ಲಿ ಹುಟ್ಟಿದ ನರವೈವಿಧ್ಯವೆಂಬ ಪರಿಕಲ್ಪನೆಯು ಭೇದವನ್ನು ನ್ಯೂನತೆಯೆಂದು ಎಣಿಸದಿರುವ ಮಾರ್ಗವನ್ನು ತೆರೆದಿದೆ. ಆದರೆ ಸತ್ತವನಿಗೆ ರೋಗನಿರ್ಣಯ ಮಾಡುವುದು ಚರಿತ್ರಕಾರನ ಕೆಲಸವಲ್ಲ. ಹಳೆಯ ಚೀಟಿಯನ್ನು ಕಿತ್ತು ಹೊಸ ಚೀಟಿಯನ್ನು ಅಂಟಿಸುವುದರಿಂದ ಅವನ ಕೈಕೆಲಸ ನಮಗೆ ಹೆಚ್ಚಾಗಿ ತಿಳಿಯುವುದಿಲ್ಲ.

೧೮೦೧ರಲ್ಲಿ ಗುರು ತೀರಿಕೊಂಡ ಮೇಲೆಯೂ ಮಿಂಟ್ ಅವನ ವಿಧವೆಯ ಮನೆಯಲ್ಲಿಯೇ ಉಳಿದು, ೧೮೧೪ರಲ್ಲಿ ಮರಣ ಹೊಂದುವವರೆಗೆ ದುಡಿದನು. ಅವನ ಚಿತ್ರಗಳು ಸಂಗ್ರಾಹಕರ ಕೈ ಸೇರಿದವು. ಮರಣಾನಂತರ ಶಿಲಾಮುದ್ರಣದ ಮೂಲಕ ಯೂರೋಪಿನಲ್ಲಿ ಹರಡಿದವು. ಪ್ರತಿಭೆಯ ಫಲವನ್ನುಂಡವರು ಪ್ರತಿಭಾವಂತನನ್ನು ಮಂದಮತಿಯೆಂದು ಕರೆದುದು ಇಲ್ಲಿನ ವಿಷಾದದ ಸಂಗತಿ. ಅವನಿಗೆ ವಿಚಿತ್ರವಾದ ಮನಸ್ಸಿದ್ದರೂ ಚಿತ್ರಶಕ್ತಿಯಿತ್ತು ಎಂದು ಹೇಳುವುದು ವಾಡಿಕೆ. ದಾಖಲೆಗಳನ್ನು ಕೂಡಿಸಿ ಓದಿದರೆ, ಆ ಮನಸ್ಸು ನೋಡುತ್ತಿದ್ದ ರೀತಿಯೇ ಅವನ ಚಿತ್ರಶಕ್ತಿಯಾಗಿತ್ತೆಂದು ತೋರುತ್ತದೆ. ನೊಯ್‌ಹೋಫಿನ ಶಿಕ್ಷಕನು ೧೭೭೮ರಲ್ಲಿಯೇ ಇದನ್ನು ಬಹುಮಟ್ಟಿಗೆ ಕಂಡಿದ್ದನು.