ಎಡಗೈ ಇಲ್ಲದವನ ಬೆಲ್ಟು

ಹೋದ ಮಳೆಗಾಲದಲ್ಲಿ ಬೈಕಿನಿಂದ ಬಿದ್ದು ಎಡಗೈ ಮುರಿದುಕೊಂಡಿದ್ದೆ. ಆರು ವಾರ ಪ್ಲಾಸ್ಟರ್. ಬಲಗೈ ಇದೆಯಲ್ಲ, ಏನು ಮಹಾ ಅಂದುಕೊಂಡಿದ್ದವನಿಗೆ ಮೊದಲ ದಿನವೇ ಬುದ್ಧಿ ಬಂತು. ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ ಎಳೆಯೋಕೆ ಒಂದು ಕೈ ಸಾಕು, ಆದರೆ ಬ್ಯಾಗನ್ನು ಹಿಡಿದುಕೊಳ್ಳೋರು ಯಾರು? ಎಳೆದರೆ ಜಿಪ್ಪಿನ ಜೊತೆ ಬ್ಯಾಗೂ ಬರುತ್ತಿತ್ತು. ಕೊನೆಗೆ ಬ್ಯಾಗಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಜಿಪ್ ಎಳೆದೆ. ಅಮ್ಮ ನಕ್ಕಿದ್ದೇ ನಕ್ಕಿದ್ದು :)

ಹಾಗೆ ಮನೆಯಲ್ಲಿ ಕೂತಿದ್ದಾಗ ಆಗಸ್ಟ್ ಹದಿನೈದು ಬಂತು. ಟಿವಿಯಲ್ಲಿ ಪೆರೇಡ್. ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ಅಗಲ ಚರ್ಮದ ಬೆಲ್ಟು, ಬಲ ಹೆಗಲಿಂದ ಎದೆಯ ಮೇಲೆ ಅಡ್ಡಡ್ಡ ಇಳಿದ ಒಂದು ಪಟ್ಟಿ. ನೀವೂ ನೋಡಿರ್ತೀರ. ಕ್ರಾಸ್ ಬೆಲ್ಟ್ ಅಂತಾರೆ. ಈ ಅಡ್ಡಪಟ್ಟಿ ಯಾಕೆ? ಬರೀ ಚಂದಕ್ಕಾ? ಮಾಡೋಕೆ ಬೇರೆ ಕೆಲಸ ಇರಲಿಲ್ಲವಲ್ಲ, ಹುಡುಕುತ್ತಾ ಹೋದೆ. ಸಿಕ್ಕಿದ್ದು ಇನ್ನೊಬ್ಬ ಎಡಗೈ ಕಳಕೊಂಡವನ ಕಥೆ. ಅವನದು ಆರು ವಾರದ ಕಥೆ ಅಲ್ಲ.

ಸ್ಯಾಮ್ಯುಯೆಲ್ ಬ್ರೌನ್ ಹುಟ್ಟಿದ್ದು 1824ರಲ್ಲಿ, ಬಂಗಾಳದ ಬ್ಯಾರಕ್‌ಪುರದಲ್ಲಿ. ಕಂಪನಿ ಸೈನ್ಯದಲ್ಲಿ ಸೇರಿ, ಮುಂದೆ ಪಂಜಾಬಿನ ಎರಡನೇ ಅಶ್ವದಳದ ಅಧಿಕಾರಿಯಾದ. 1857ರ ದಂಗೆ ಇನ್ನೂ ಪೂರ್ತಿ ಆರಿರಲಿಲ್ಲ. 1858ರ ಆಗಸ್ಟ್ 31ರಂದು ರೋಹಿಲ್‌ಖಂಡದ ಸಿರ್‌ಪುರ ಅನ್ನೋ ಕಡೆ ಕಾಳಗ. ಎದುರಾಳಿಗಳ ಹತ್ತಿರ ಒಂಬತ್ತು ಪೌಂಡಿನ ಗುಂಡು ಹಾರಿಸುವ ಒಂದು ಫಿರಂಗಿ, ಅದರ ಬಾಯಿ ಬ್ರೌನನ ಕಾಲಾಳುಗಳು ಬರುತ್ತಿದ್ದ ದಾರಿಯ ಕಡೆಗೇ. ಅದಕ್ಕೆ ಮತ್ತೆ ಮದ್ದು ತುಂಬಿದರೆ ಮುಗೀತು ಕಥೆ. ಬ್ರೌನ್ ಒಬ್ಬನೇ ಒಬ್ಬ ಸವಾರನನ್ನು ಕರೆದುಕೊಂಡು ಕುದುರೆ ನುಗ್ಗಿಸಿ ಫಿರಂಗಿಯವರ ಮೇಲೆ ಬಿದ್ದ. ಅವರು ಸುತ್ತುವರಿದರು. ಕತ್ತಿಯ ಒಂದು ಏಟು ಎಡ ಮಂಡಿಗೆ, ಇನ್ನೊಂದು ಏಟಿಗೆ ಎಡಗೈ ಭುಜದ ಹತ್ತಿರವೇ ಕತ್ತರಿಸಿ ಹೋಯಿತು. ಫಿರಂಗಿಗೆ ಮದ್ದು ತುಂಬಲು ಮಾತ್ರ ಆಗಲಿಲ್ಲ. ಇದಕ್ಕೆ 1861ರಲ್ಲಿ ಅವನಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆ ಕೈ ಕತ್ತರಿಸಿದವನು ನಮ್ಮವನು. ಅವನ ಹೆಸರು ಆ ಪದಕದ ಉಲ್ಲೇಖದಲ್ಲಿ ಇಲ್ಲ, ಇರೋದೂ ಇಲ್ಲ ಬಿಡಿ. ಓದುವಾಗ ಯಾರ ಪರ ನಿಲ್ಲಬೇಕು ಅಂತ ನನಗೆ ಕೊನೆವರೆಗೂ ತಿಳಿಯಲಿಲ್ಲ.

ಕೈ ಹೋದ ಮೇಲೂ ಬ್ರೌನ್ ಸೈನ್ಯ ಬಿಡಲಿಲ್ಲ. ಆದರೆ ನನ್ನ ಬ್ಯಾಗಿನ ಸಮಸ್ಯೆಯೇ ಅವನಿಗೂ ಬಂತು. ಆಗಿನ ಅಧಿಕಾರಿಗಳ ಕತ್ತಿ ಸೊಂಟದ ಬೆಲ್ಟಿನಿಂದ ಎರಡು ಪಟ್ಟಿಗಳಲ್ಲಿ ಸಡಿಲವಾಗಿ ನೇತಾಡುತ್ತಿತ್ತು. ಎಡಗೈಯಲ್ಲಿ ಒರೆ ಹಿಡಿದುಕೊಂಡರೆ ಮಾತ್ರ ಬಲಗೈಯಲ್ಲಿ ಕತ್ತಿ ಹಿರಿಯೋಕೆ ಸಾಧ್ಯ. ಹಿಡಿಯುವ ಕೈಯೇ ಇಲ್ಲದಿದ್ದರೆ ಒರೆಯೂ ಕತ್ತಿಯ ಜೊತೆ ಎದ್ದು ಬರುತ್ತೆ. ಅದಕ್ಕೆ ಅವನು ಒರೆ ಅಲ್ಲಾಡದಂತೆ ಬೆಲ್ಟಿಗೇ ಬಿಗಿದ. ಆ ಭಾರಕ್ಕೆ ಬೆಲ್ಟು ಎಡಕ್ಕೆ ಜಗ್ಗಬಾರದಲ್ಲ, ಅದಕ್ಕೇ ಬಲ ಹೆಗಲಿಂದ ಇಳಿದ ಅಡ್ಡಪಟ್ಟಿ! ಬಲ ಸೊಂಟಕ್ಕೆ ಮುಚ್ಚಳ ಇರುವ ಚರ್ಮದ ಹೋಲ್‌ಸ್ಟರ್, ಅದರ ಭಾರ ಹೊರಲು ಎಡ ಹೆಗಲಿಂದ ಇನ್ನೊಂದು ಪಟ್ಟಿ. ಮುಂದೆ ಪಿಸ್ತೂಲು ಇಲ್ಲದ ದಿನ ಈ ಎರಡನೇ ಪಟ್ಟಿ ಹಾಕದೆ ಬಿಡೋದು ರೂಢಿಯಾಯಿತು. ಟಿವಿಯಲ್ಲಿ ನಾನು ಒಂದೇ ಪಟ್ಟಿ ಕಂಡದ್ದು ಅದಕ್ಕೆ.

ಒಂದು ಕೈ ಇಲ್ಲದವನಿಗಾಗಿ ಮಾಡಿದ್ದು ಎರಡು ಕೈ ಇದ್ದವರಿಗೂ ಹಿಡಿಸಿತು. 1878ರಲ್ಲಿ ಬ್ರೌನ್ ಅಫ್ಘನ್ ಯುದ್ಧಕ್ಕೆ ಪೆಶಾವರದ ಪಡೆಯ ನಾಯಕನಾಗಿ ಹೋಗುವ ಹೊತ್ತಿಗೆ ಭಾರತದಲ್ಲಿದ್ದ ಎಷ್ಟೋ ಅಧಿಕಾರಿಗಳು ಇದನ್ನೇ ತೊಡುತ್ತಿದ್ದರು. ಬೋಯರ್ ಯುದ್ಧದ ಕಾಲಕ್ಕೆ ಇಡೀ ಬ್ರಿಟಿಷ್ ಸೈನ್ಯದ ಅಧಿಕಾರಿಗಳಿಗೆ ಅದೇ ಬೆಲ್ಟು. ಮೊದಲ ಮಹಾಯುದ್ಧದಲ್ಲಿ ಇದೇ ಮುಳುವೂ ಆಯಿತು. ಅಡ್ಡಪಟ್ಟಿ ಕಂಡರೆ ಸಾಕು, ಇವನು ಅಧಿಕಾರಿ ಅಂತ ಗುರಿಕಾರನಿಗೆ ಗೊತ್ತಾಗುತ್ತಿತ್ತು. ಕಂದಕದಿಂದ ಮೇಲೆ ಹತ್ತುವಾಗ ಎಷ್ಟೋ ಜನ ಅದನ್ನು ಬಿಚ್ಚಿಟ್ಟು ಸಾಮಾನ್ಯ ಸಿಪಾಯಿಯ ಪಟ್ಟಿ ಹಾಕಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ನನಗೊಂದು ಚಟ ಹತ್ತಿತು. ಯಾವ ಮಿಲಿಟರಿ ಹೋಲ್‌ಸ್ಟರ್ ನೋಡಿದರೂ ಒಂದೇ ಪ್ರಶ್ನೆ: ಇನ್ನೊಂದು ಕೈ ಏನು ಮಾಡ್ತಾ ಇದೆ? ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಅಶ್ವದಳದ ಹೋಲ್‌ಸ್ಟರ್ ನೋಡಿ. ಇರುವುದು ಬಲಸೊಂಟದಲ್ಲೇ, ಆದರೆ ಪಿಸ್ತೂಲಿನ ಹಿಡಿ ಮುಂದಕ್ಕೆ. ಉಲ್ಟಾ! ಬಲಗೈ ಕತ್ತಿಗೆ ಮೀಸಲು, ಪಿಸ್ತೂಲು ಬೇಕಾದರೆ ಎಡಗೈ ಅಡ್ಡ ಬಂದು ತೆಗೆಯಲಿ ಅನ್ನೋದು ಸಾಮಾನ್ಯವಾಗಿ ಕೊಡುವ ಕಾರಣ. ಆದರೆ ಎಡಗೈಯಲ್ಲಿ ಕುದುರೆಯ ಲಗಾಮು ಇರುತ್ತಲ್ಲ ಸ್ವಾಮಿ. ಹಾಗಾಗಿ ಸವಾರ ಬಲಗೈಯನ್ನೇ ತಿರುಚಿ, ಅಂಗೈ ಹೊರಗೆ ಮಾಡಿ ಎಳೀಬೇಕಿತ್ತು. ಕತ್ತಿಯ ಕಾಲ ಮುಗಿಯುತ್ತಾ ಬಂದ ಮೇಲೆ, 1916ರ ಮಾದರಿಯ ಹೋಲ್‌ಸ್ಟರಿನಲ್ಲಿ ಹಿಡಿ ಹಿಂದಕ್ಕೇ ಇದೆ. 1911ರ ಕೋಲ್ಟ್ ಪಿಸ್ತೂಲಿಗೆ ಅದೇ ದಶಕಗಟ್ಟಲೆ ಜೊತೆ.

ಸಿನಿಮಾದ ಕೌಬಾಯ್ ತೆರೆದ ಹೋಲ್‌ಸ್ಟರಿನಿಂದ ಚಕ್ ಅಂತ ತೆಗೀತಾನೆ. ಸೈನ್ಯಕ್ಕೆ ಮಾತ್ರ ಮುಚ್ಚಳ, ಗುಂಡಿ. ಯಾಕೆಂದರೆ ಸೈನಿಕನ ಪಿಸ್ತೂಲು ನೂರು ದಿನ ಸುಮ್ಮನೆ ಸೊಂಟದಲ್ಲಿದ್ದು ಯಾವತ್ತೋ ಒಂದು ದಿನ ಬೇಕಾಗುತ್ತೆ. ಆ ನೂರು ದಿನ ಮಳೆ, ಧೂಳು, ಕುದುರೆಯ ನೆಗೆತ ಎಲ್ಲ ತಡೀಬೇಕು, ಬಿದ್ದು ಹೋಗಬಾರದು. ಬೀಳದಿರಲಿ ಅಂತ ಬ್ರಿಟಿಷರು ವೆಬ್ಲಿ ರಿವಾಲ್ವರಿನ ಹಿಡಿಗೆ ಬಳೆ ಹಾಕಿ ಹುರಿ ಕಟ್ಟಿದರು. ಅಷ್ಟು ಕಾಪಾಡುವ ಚರ್ಮವೇ ತೇವ ಹೀರಿ ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತೆ ಅನ್ನೋದು ಬೇರೆ ಮಾತು. ಬಹಳ ದಿನ ಇಡೋದಾದರೆ ಹೋಲ್‌ಸ್ಟರಿನಿಂದ ತೆಗೆದಿಡಿ ಅಂತ ಬಲ್ಲವರು ಹೇಳೋದು ಅದಕ್ಕೇ.

ಆಮೇಲೆ ಕುದುರೆ ಹೋಗಿ ಟ್ಯಾಂಕ್ ಬಂತು, ವಿಮಾನ ಬಂತು. ಕೂತಾಗ ಸೊಂಟದ ಮುಚ್ಚಳಕ್ಕೆ ಕೈ ಹೋಗೋದೇ ಕಷ್ಟ (ಕಾರಿನ ಸೀಟ್ ಬೆಲ್ಟ್ ಹಾಕಿಕೊಂಡು ಪ್ಯಾಂಟ್ ಜೇಬಿಂದ ಮೊಬೈಲ್ ತೆಗೆದು ನೋಡಿ). ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಇಂಥವರಿಗೆ ಹೆಗಲಿಗೆ ತಗುಲಿಸುವ ಹೋಲ್‌ಸ್ಟರ್ ಕೊಟ್ಟರು. ಈಚಿನ ಸೈನಿಕರ ತೊಡೆಗೆ ಕಟ್ಟಿದ ಹೋಲ್‌ಸ್ಟರ್ ನೋಡಿರಬಹುದು. ಮೈಮೇಲೆ ಗುಂಡುನಿರೋಧಕ ಕವಚ ಬಂದು ಸೊಂಟದಲ್ಲಿ ಜಾಗ ಇಲ್ಲದಾದಾಗ ಪಿಸ್ತೂಲು ಕೆಳಗಿಳಿಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1985ರಲ್ಲಿ ಬೆರೆಟಾ ಪಿಸ್ತೂಲಿನ ಜೊತೆ ಅಮೆರಿಕನ್ ಸೈನ್ಯಕ್ಕೆ ಬಂದ ಬಿಯಾಂಕಿ ಕಂಪನಿಯ ನೈಲಾನ್ ಹೋಲ್‌ಸ್ಟರ್. ಅದರ ಮುಚ್ಚಳ ಬಿಚ್ಚಿ ಬೇಕಾದ ಕಡೆ ತಿರುಗಿಸಿ ಹಾಕಬಹುದು, ಎಡಗೈಯವರಿಗೂ ಆಗುತ್ತೆ, ಬಲಗೈಯವರಿಗೂ ಆಗುತ್ತೆ. ನನ್ನ ತಂಗಿ ಎಡಚಿ. ಇದನ್ನು ಹೇಳಿದ ತಕ್ಷಣ ಅವಳು ಕೇಳಿದ್ದು, "ಅಲ್ಲಿವರೆಗೂ ಎಡಗೈಯವರು ಏನು ಮಾಡ್ತಿದ್ರಂತೆ?"

ಬಲಗೈಯಲ್ಲಿ ಕಲೀತಿದ್ರು ಕಣೇ, ನೀನು ಬಲಗೈಯಲ್ಲಿ ಊಟ ಮಾಡೋಕೆ ಕಲಿತ ಹಾಗೆ ಅಂದೆ. ಸಂಜೆವರೆಗೂ ನನ್ನ ಬ್ಯಾಗಿನ ಜಿಪ್ ಹಾಕಿಕೊಡಲಿಲ್ಲ.