ರಾಯದುರ್ಗದ ಚಪಾತಿ, ಮಡಕಶಿರಾದ ಮುದ್ದೆ

ರೆಡಿಮೇಡ್ ಬಟ್ಟೆ ವ್ಯಾಪಾರಕ್ಕೆ ಇಳಿದ ಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ಬಳ್ಳಾರಿಗೆ, ಅಲ್ಲಿಂದ ಐವತ್ತು ಕಿಲೋಮೀಟರ್ ಆಚೆಯ ರಾಯದುರ್ಗಕ್ಕೆ ಹೋಗುವುದು ನನಗೆ ರೂಢಿ. ಜೀನ್ಸ್ ಪ್ಯಾಂಟ್ ಹೊಲಿಯುವ ಊರು ಅದು. ಅಂಗಡಿ ಬೋರ್ಡುಗಳೆಲ್ಲ ತೆಲುಗಿನಲ್ಲಿ, ಒಳಗೆ ಹೋದರೆ ಮಾತು ಅರ್ಧಕ್ಕರ್ಧ ಕನ್ನಡದಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಹಳೆಯ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಆಚೆಗೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಗಡಿ ಬದಲಾಯಿತು, ನೆಂಟಸ್ತಿಕೆ ಬದಲಾಗಲಿಲ್ಲ.

ಅಲ್ಲಿ ನನಗೆ ಮಾಲು ಕೊಡುವ ಗೆಳೆಯನೊಬ್ಬ ಇದ್ದಾನೆ. ಅವನ ಮಗಳಿಗೆ ಹದಿಮೂರು ವರ್ಷ, ನೋಡಿದರೆ ಒಂಬತ್ತು ಅನ್ನಬೇಕು. ಮುಖ ಬಿಳುಚಿಕೊಂಡು, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ರಕ್ತ ಕಡಿಮೆ ಅಂತ ನಾಲ್ಕು ವರ್ಷ ಕಬ್ಬಿಣದ ಮಾತ್ರೆ ನುಂಗಿಸಿದರು, ಜಂತುಹುಳದ ಔಷಧಿ ಕೊಟ್ಟರು, ಟಾನಿಕ್ ಬಾಟಲಿಗಳು ಕಪಾಟಿನಲ್ಲಿ ಸಾಲಾಗಿ ನಿಂತವು. ರಕ್ತ ಏರಲಿಲ್ಲ. ಕಳೆದ ಸಲ ಹೋದಾಗ ಗೆಳೆಯ ಮಾಲಿನ ಲೆಕ್ಕ ಬಿಟ್ಟು ಮೊದಲು ಹೇಳಿದ ಮಾತು: "ಭಾಯ್, ಹುಡುಗಿಗೆ ಗೋಧಿ ಆಗಲ್ಲಂತೆ. ಒಂದೆರಡು ದಿನ ಅಲ್ಲ, ಸಾಯೋವರೆಗೂ ಆಗಲ್ಲಂತೆ."

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಹಿಟ್ಟು ನಾದಿದಾಗ ಎಳೆದರೆ ಹರಿಯದ ಹಾಗೆ ಹಿಡಿದಿಡುವುದು ಅದೇ. ಕೆಲವರ ದೇಹ ಅದನ್ನು ಶತ್ರು ಅಂದುಕೊಂಡು ಹೋರಾಡುತ್ತದೆ, ಆ ಹೋರಾಟದಲ್ಲಿ ಹಾಳಾಗುವುದು ಸ್ವಂತ ಕರುಳು. ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನಂಥ ಸಣ್ಣ ಕುಚ್ಚುಗಳಿರುತ್ತವೆ, ಆಹಾರದ ಸಾರ ಹೀರುವುದು ಅವುಗಳ ಕೆಲಸ. ಅವು ಸವೆದು ಚಪ್ಪಟೆಯಾಗುತ್ತವೆ. ಕಬ್ಬಿಣದ ಅಂಶ ದೇಹಕ್ಕೆ ಸೇರುವುದು ಕರುಳಿನ ಮೊದಲ ಭಾಗದಲ್ಲಿ, ಸವೆಯುವುದೂ ಮೊದಲು ಅಲ್ಲೇ. ಮಾತ್ರೆ ಎಷ್ಟು ಕೊಟ್ಟರೂ ರಕ್ತ ಏರದ ಗುಟ್ಟು ಇದು.

ಈ ಕಾಯಿಲೆಗೆ ಹಳೆಯ ಚರಿತ್ರೆ ಇದೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇದರ ಲಕ್ಷಣಗಳನ್ನು ಸರಿಯಾಗಿ ಬರೆದಿಟ್ಟ, ವಾಸಿಯಾಗುವುದಿದ್ದರೆ ಊಟದಿಂದಲೇ ಆಗಬೇಕು ಎಂದೂ ಊಹಿಸಿದ. ಯಾವ ಊಟ ಅಂತ ಅವನಿಗೆ ತಿಳಿಯಲಿಲ್ಲ. ಅವನು ಹೇಳುವ ಒಂದು ಮಗು ದಿನಾ ಒಂದು ಅಳತೆ ಪಚ್ಚಿಲೆ ತಿಂದು ಚೆನ್ನಾಗಿ ಮೈತುಂಬಿಕೊಂಡಿತಂತೆ. ಪಚ್ಚಿಲೆಯ ಸೀಸನ್ ಮುಗಿದ ಮೇಲೆ ಮತ್ತೆ ಮಲಗಿತು, ಮರುವರ್ಷ ಅದನ್ನು ಬಾಯಿಗೇ ಇಡಲಿಲ್ಲ. ನಮ್ಮ ಕರಾವಳಿಯವರಿಗೆ ಇದು ನಗು ತರಿಸಬಹುದು, ಆ ಮಗುವಿನ ತಾಯಿಗೆ ನಗು ಬಂದಿರಲಾರದು. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಹೇಳಿದ. ಮಕ್ಕಳು ಸುಧಾರಿಸಿದರು, ಎಲ್ಲರೂ ಬಾಳೆಹಣ್ಣನ್ನು ಹೊಗಳಿದರು. ಆ ಪಥ್ಯದಲ್ಲಿ ಬ್ರೆಡ್ ಇರಲಿಲ್ಲ ಎಂಬುದರ ಕಡೆ ಯಾರ ಗಮನವೂ ಹೋಗಲಿಲ್ಲ.

ಗುಟ್ಟು ಬಿಡಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಯುದ್ಧಕ್ಕೆ ಮೊದಲೇ ಅವನಿಗೆ ಗೋಧಿಯ ಮೇಲೆ ಸಂಶಯ ಇತ್ತು. 1944–45ರ ಚಳಿಗಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಬರಗಾಲ ಬಿದ್ದು ಬ್ರೆಡ್ ಸಿಗದೆ ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಹಸಿವಿನಿಂದ ಸೊರಗುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು, ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆ 1950ರಲ್ಲಿ ಉಟ್ರೆಕ್ಟ್‌ನಲ್ಲಿ ಇದರ ಮೇಲೆ ಪ್ರಬಂಧ ಕೊಟ್ಟ.

ಈ ಕತೆ ಓದಿದ ಮೇಲೆ ನನಗೆ ಗೆಳೆಯನ ಹೆಂಡತಿ ಹೇಳಿದ್ದು ನೆನಪಾಯಿತು. ಆಕೆಯ ತವರು ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಹಳ್ಳಿ. ಪ್ರತಿ ಬೇಸಿಗೆ ರಜೆಯಲ್ಲಿ ಮಗಳು ಅಜ್ಜಿಮನೆಗೆ ಹೋಗುತ್ತಿದ್ದಳು. ಹೋದ ಮೂರು ನಾಲ್ಕು ವಾರಕ್ಕೆ ಹೊಟ್ಟೆ ಇಳಿಯುತ್ತಿತ್ತು, ಹಸಿವು ಹೆಚ್ಚುತ್ತಿತ್ತು. ಜೂನ್‌ನಲ್ಲಿ ಶಾಲೆಗೆ ಮರಳಿದರೆ ಮತ್ತೆ ಶುರು. "ನಮ್ಮೂರ ನೀರು ಅವಳಿಗೆ ಹತ್ತುತ್ತೆ ಅಂದ್ಕೊಂಡಿದ್ವಿ" ಅಂದರು ಆಕೆ. ಡಿಕ್ಕೆಗೆ ಬರಗಾಲದ ಚಳಿಗಾಲ ತೋರಿಸಿಕೊಟ್ಟದ್ದನ್ನು ಇವರ ಮನೆಯಲ್ಲಿ ಬೇಸಿಗೆ ರಜೆ ವರ್ಷವರ್ಷ ತೋರಿಸುತ್ತಿತ್ತು. ಅಜ್ಜಿಮನೆಯಲ್ಲಿ ಮೂರು ಹೊತ್ತೂ ರಾಗಿ: ಅಂಬಲಿ, ಮುದ್ದೆ, ಉಳಿದದ್ದು ಅನ್ನ. ಗೋಧಿ ಅನ್ನುವುದು ಯುಗಾದಿ ಹೋಳಿಗೆಗೆ ಮಾತ್ರ.

ಮಡಕಶಿರಾ ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, 2022ರ ವರೆಗೆ ಅನಂತಪುರದಲ್ಲೇ ಇತ್ತು. ಮೂರು ಕಡೆ ಕರ್ನಾಟಕ: ಸಿರಾ, ಮಧುಗಿರಿ, ಪಾವಗಡ. ಅಮರಾಪುರದ ಹತ್ತಿರದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್, ನಮ್ಮಲ್ಲಿ ಒಂದೇ ಜುಲೈಯಲ್ಲಿ ಅದನ್ನು ದಾಟುತ್ತದೆ. ಅಷ್ಟು ಮಳೆಗೆ ಬರುವುದು ರಾಗಿ, ನವಣೆ, ಸಾಮೆ, ಹಾರಕ, ಸಜ್ಜೆ. ರಾಯದುರ್ಗದ ಎರೆ ಹೊಲದಲ್ಲಿ ಜೋಳ. ಮತ್ತೆ ಕೊರಲೆ. ಕೊರಲೆ ನಮ್ಮ ಕಡೆಯವರು ಕೇಳಿಯೇ ಇರಲಿಕ್ಕಿಲ್ಲ. ತುಮಕೂರು, ಚಿತ್ರದುರ್ಗ, ಅನಂತಪುರ ಸೇರುವ ಈ ಗಡಿಯಲ್ಲೇ ಹೆಚ್ಚಾಗಿ ಉಳಿದಿರುವ ಧಾನ್ಯ, ಬೇರೆ ಏನೂ ಬಾರದ ಹುಣಸೆ ಮರದ ನೆರಳಲ್ಲೂ ಬರುತ್ತದೆ. ಇವುಗಳಲ್ಲಿ ಒಂದರಲ್ಲೂ ಗ್ಲುಟೆನ್ ಇಲ್ಲ. ಈ ಸೀಮೆಯವರು ನೂರಾರು ವರ್ಷ ಈ ಪಥ್ಯದಲ್ಲೇ ಇದ್ದರು, ಅದಕ್ಕೆ ಹೆಸರಿರಲಿಲ್ಲ ಅಷ್ಟೆ.

ಹಾಗಾದರೆ ಗೋಧಿ ಬಂದದ್ದು ಯಾವಾಗ? ಅಮೆರಿಕದ ಪಿಎಲ್-480 ಕಾನೂನು 1954ರದ್ದು. ಅರುವತ್ತರ ದಶಕದ ಬರಗಾಲದಲ್ಲಿ ಆ ಗೋಧಿ ಹಡಗು ಹಡಗಾಗಿ ಇಳಿಯಿತು. ಶಾಲೆಯಲ್ಲಿ ಕೇರ್ ಉಪ್ಪಿಟ್ಟು ತಿಂದವರು ನಮ್ಮ ಓದುಗರಲ್ಲೂ ಇದ್ದೀರಿ. 1983ರಲ್ಲಿ ಎನ್.ಟಿ. ರಾಮರಾವ್ ಕಿಲೋಗೆ ಎರಡು ರೂಪಾಯಿಗೆ ಅಕ್ಕಿ ಕೊಟ್ಟರು. ಬಡವರ ಹೊಟ್ಟೆಗೆ ಅದು ದೊಡ್ಡ ಆಸರೆ, ಅದನ್ನು ನಾನು ಹಳಿಯಲಾರೆ. ಆದರೆ ಆ ಅಕ್ಕಿ ಮುದ್ದೆಯ ಜಾಗ ಹಿಡಿಯಿತು, ಹೊಲದಲ್ಲಿ ನವಣೆ ಸಾಮೆಗಳ ಜಾಗವನ್ನು ಶೇಂಗಾ ಹಿಡಿಯಿತು. ಮುದ್ದೆ ಬಡವರ ಊಟ, ಹಳ್ಳಿಯವರ ಊಟ ಅನ್ನಿಸಿಕೊಂಡಿತು. ಆಮೇಲೆ ಬೇಕರಿ ಬನ್ನು, ಹೋಟೆಲ್ ಪರೋಟ. ಕೊನೆಗೆ ಸಕ್ಕರೆ ಕಾಯಿಲೆ. ರಾತ್ರಿ ಅನ್ನ ಬೇಡ, ಚಪಾತಿ ತಿನ್ನಿ ಅಂತ ಯಾರೋ ಒಬ್ಬರಿಗೆ ಹೇಳಿದ್ದು ಇಡೀ ಮನೆಯ ಅಡುಗೆಯಾಯಿತು. ಗೆಳೆಯನ ಮನೆಯಲ್ಲೂ ಹಾಗೇ: ಅವನ ಅಪ್ಪನಿಗೆ ಸಕ್ಕರೆ, ಚಪಾತಿ ಎಲ್ಲರಿಗೂ. ಹುಡುಗಿಗೆ ಬೆಳಿಗ್ಗೆ ಬನ್ನು, ರಾತ್ರಿ ಚಪಾತಿ.

ವೈದ್ಯರಿಗೆ ಹೊಳೆಯದ್ದಕ್ಕೂ ಒಂದು ಚರಿತ್ರೆ ಇದೆ. 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಾಲಿಯಾ ಮತ್ತು ಸಂಗಡಿಗರು ಈ ಕಾಯಿಲೆಯ ಬಗ್ಗೆ ಬರೆದದ್ದು ಉತ್ತರ ಭಾರತದ ಮಕ್ಕಳನ್ನು ನೋಡಿ. ಅದೇ ಕಾಲದಲ್ಲಿ ದಕ್ಷಿಣದಲ್ಲಿ ವೆಲ್ಲೂರಿನ ವೈದ್ಯರು ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ಕರುಳಿನ ಕಾಯಿಲೆಯ ಹಿಂದೆ ಇದ್ದರು, 1960–62ರಲ್ಲಿ ಅದು ಹಳ್ಳಿಹಳ್ಳಿಗೆ ಹಬ್ಬಿತ್ತು. ಹೀಗೆ ಸೀಲಿಯಾಕ್ ಅಂದರೆ ಉತ್ತರದವರದ್ದು ಅನ್ನುವ ಅಭಿಪ್ರಾಯ ಗಟ್ಟಿಯಾಯಿತು.

ಅದು ಪೂರ್ತಿ ಸುಳ್ಳೂ ಅಲ್ಲ. ರಾಮಕೃಷ್ಣ, ಮಖಾರಿಯಾ ಮೊದಲಾದ ವೈದ್ಯರು ದೇಶದ ಮೂರು ಭಾಗಗಳಲ್ಲಿ 23,331 ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಕಾಯಿಲೆಯ ಗುರುತು ರಕ್ತದಲ್ಲಿ ಕಂಡದ್ದು ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ಇಲ್ಲಿಗೆ ಓದಿ ನಿಲ್ಲಿಸಿದರೆ ದಕ್ಷಿಣದವರು ನಿಶ್ಚಿಂತೆಯಿಂದ ಇರಬಹುದು. ಆದರೆ ಕಾಯಿಲೆಗೆ ಬೇಕಾದ ವಂಶವಾಹಿ ಉತ್ತರದಲ್ಲಿ ಶೇ. 38.1 ಜನರಲ್ಲಿ ಇದ್ದರೆ ದಕ್ಷಿಣದಲ್ಲೂ 36.4 ಜನರಲ್ಲಿ ಇತ್ತು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಶಾನ್ಯದವರು ತಿಂದದ್ದೂ 37 ಗ್ರಾಂ ಮಾತ್ರ, ಆದ್ದರಿಂದ ಎಲ್ಲವನ್ನೂ ಗೋಧಿಯೊಂದರ ತಲೆಗೆ ಕಟ್ಟಲಾಗದು. ಆದರೂ ಎರಡು ಹೊತ್ತು ಗೋಧಿ ತಿನ್ನುವ ರಾಯದುರ್ಗದ ಹುಡುಗಿಗೆ ದಕ್ಷಿಣದ ಲೆಕ್ಕ ಹಿಡಿದರೆ ಹೇಗೆ?

ಬಳ್ಳಾರಿಯಲ್ಲಿ ಉತ್ತರದ ಕಡೆ ಓದಿ ಬಂದ ಯುವ ವೈದ್ಯೆಯೊಬ್ಬರು ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಏನು ತಿಂತೀಯಮ್ಮ?" ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಟಿಟಿಜಿ ಐಜಿಎ ಅಂತ. ಜೊತೆಗೆ ಒಟ್ಟು ಐಜಿಎ ಕೂಡ ನೋಡಬೇಕು. ಕೆಲವರ ದೇಹದಲ್ಲಿ ಐಜಿಎ ಕಡಿಮೆ ಇದ್ದು ಮೊದಲ ಪರೀಕ್ಷೆ ಸುಳ್ಳು ಹೇಳುತ್ತದೆ. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದರು. ಇಲ್ಲಿ ಒಂದು ವಿಷಯ ಓದುಗರು ಗಮನಿಸಬೇಕು. ಸಂಶಯ ಬಂದ ಕೂಡಲೇ ತಾಯಿ ಚಪಾತಿ ನಿಲ್ಲಿಸಲು ಹೊರಟಿದ್ದರು, ವೈದ್ಯೆ ತಡೆದರು. ಗೋಧಿ ಬಿಟ್ಟ ಮೇಲೆ ರಕ್ತದ ಗುರುತು ಇಳಿಯುತ್ತದೆ, ಕರುಳು ಕೂಡಿಕೊಳ್ಳುತ್ತದೆ, ಪರೀಕ್ಷೆ ಏನೂ ಇಲ್ಲ ಅನ್ನಬಹುದು. ಅಜ್ಜಿಮನೆಯಿಂದ ಬಂದ ಮರುದಿನ ರಕ್ತ ಕೊಟ್ಟಿದ್ದರೆ ಏನಾಗುತ್ತಿತ್ತೋ! ಪರೀಕ್ಷೆ ಮುಗಿಯುವವರೆಗೆ ತಿನ್ನುತ್ತಲೇ ಇರಬೇಕು. ರೋಗಿಯ ಒಡಹುಟ್ಟಿದವರು, ತಂದೆ ತಾಯಿಯೂ ಪರೀಕ್ಷೆ ಮಾಡಿಸಬೇಕು, ನೂರರಲ್ಲಿ ಏಳೆಂಟು ಮಂದಿಗೆ ಅವರಲ್ಲೂ ಇರುತ್ತದೆ. ಗೆಳೆಯನ ಮಗನಿಗೆ ಇಲ್ಲ ಎಂದು ಬಂತು.

ಔಷಧಿ ಇಲ್ಲ, ಪಥ್ಯವೇ ಔಷಧಿ. ಕೇಳಲು ಸುಲಭ. ರಾಗಿಯ ಊರಲ್ಲಿ ಇದ್ದುಕೊಂಡು ಗೋಧಿ ಬಿಡುವುದೇನು ಮಹಾ ಅಂತ ನನಗೂ ಅನ್ನಿಸಿತ್ತು. ಗೆಳೆಯನ ಅಡುಗೆಮನೆಯ ಡಬ್ಬಿಗಳನ್ನು ನೋಡಿದ ಮೇಲೆ ಗೊತ್ತಾಯಿತು. ರವೆ ಗೋಧಿಯದು, ಶಾವಿಗೆ ಗೋಧಿಯದು. ಡಬ್ಬಿ ಇಂಗಿನಲ್ಲಿ ಹೆಚ್ಚಾಗಿ ಮೈದಾ ಬೆರೆಸಿರುತ್ತಾರೆ. ಮಕ್ಕಳಿಗೆ ಹಾಲಿಗೆ ಹಾಕುವ ಮಾಲ್ಟ್ ಪುಡಿಯಲ್ಲಿ ಬಾರ್ಲಿ. "ರಾಗಿ ಮಾಲ್ಟ್" ಅಂತ ದೊಡ್ಡದಾಗಿ ಬರೆದ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಇರಬಹುದು. ಗ್ಲುಟೆನ್ ಇಲ್ಲ ಎಂದು ಮುದ್ರಿಸಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಆಹಾರ ನಿಯಮವಿದೆ. ಆ ಗುರುತಿನ ಬಿಸ್ಕತ್ತು ಬೆಂಗಳೂರಿನಿಂದ ತರಿಸಿದರೆ ಸಾದಾ ಬಿಸ್ಕತ್ತಿನ ನಾಲ್ಕೈದು ಪಟ್ಟು ಬೆಲೆ. ಅದೂ ಬಿಡಿ, ಅದೇ ಅಂಗಡಿಯಲ್ಲಿ ಕೊರಲೆ ಅಕ್ಕಿಗೆ ಹೇಳುವ ರೇಟು ಕೇಳಿ ರೊಳ್ಳದ ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡರಂತೆ.

ದೊಡ್ಡ ತೊಡಕು ಹಿಟ್ಟಿನ ಗಿರಣಿ. ಒಂದೇ ಕಲ್ಲಿನಲ್ಲಿ ಗೋಧಿ ಬೀಸಿ, ಆಮೇಲೆ ರಾಗಿ ಬೀಸುತ್ತಾರೆ. ಹುಡುಗಿ ಚಪಾತಿ ಬಿಟ್ಟು ಮೂರು ತಿಂಗಳಾದರೂ ಹೊಟ್ಟೆನೋವು ಪೂರ್ತಿ ನಿಲ್ಲದ್ದಕ್ಕೆ ಕಾರಣ ಅದೇ ಎಂದು ವೈದ್ಯೆ ಹೇಳಿದರು. ಗಿರಣಿಯವರು ಒಳ್ಳೆಯವರು, "ಮೊದಲು ಒಂದು ಸೇರು ಅಕ್ಕಿ ಹಾಕಿ ಓಡಿಸ್ತೀನಿ, ಆ ಹಿಟ್ಟು ದನಕ್ಕೆ ಹಾಕಿ" ಅಂದರು. ಅಷ್ಟು ಸಾಲದು. ಗೆಳೆಯ ಕಂತಿನಲ್ಲಿ ಮನೆಗೇ ಒಂದು ಸಣ್ಣ ಹಿಟ್ಟಿನ ಯಂತ್ರ ತಂದ. ರಾಗಿ ಅಜ್ಜಿಮನೆಯಿಂದಲೇ ಬರುತ್ತದೆ, ಮೂಟೆಯಲ್ಲಿ. ಈಗ ಎಂಟು ತಿಂಗಳು. ಕಬ್ಬಿಣದ ಮಾತ್ರೆ ಅದೇ, ರಕ್ತ ಏಳರಿಂದ ಹನ್ನೊಂದಕ್ಕೆ ಏರಿದೆ. ಹಳೆಯ ಲಂಗ ಗಿಡ್ಡ ಆಗಿದೆ ಅಂತ ತಾಯಿ ದೂರು ಹೇಳುತ್ತಾರೆ, ನಗುತ್ತಲೇ.

ಮದುವೆ ಮನೆಗಳಿಗೆ ಅವಳು ಡಬ್ಬಿ ಕಟ್ಟಿಕೊಂಡು ಹೋಗುತ್ತಾಳೆ. ನೆಂಟರು "ಒಂದು ಹೋಳಿಗೆ ತಿಂದ್ರೆ ಏನೂ ಆಗಲ್ಲ ತಿನ್ನೇ" ಅಂತ ಒತ್ತಾಯಿಸುವುದು ಅವಳಿಗೆ ಕಾಯಿಲೆಗಿಂತ ದೊಡ್ಡ ಕಾಟ.

ಮೊನ್ನೆ ಹೊರಡುವಾಗ ನಮ್ಮ ಮನೆಯಲ್ಲಿ ಪತ್ತಿರ್ ಮಾಡಿಸಿ ರಾತ್ರಿ ಬಸ್ಸಿಗೆ ಕಟ್ಟಿಕೊಂಡೆ. ಕುಚ್ಚಲಕ್ಕಿ ನೆನೆಸಿ ನಮ್ಮ ಗ್ರೈಂಡರಿನಲ್ಲೇ ಅರೆದದ್ದು, ಬಾಳೆ ಎಲೆಯ ಮೇಲೆ ತಟ್ಟಿ, ತೊಳೆದ ಕಾವಲಿಯಲ್ಲಿ ಬೇಯಿಸಿದ್ದು. ಬೆಳಿಗ್ಗೆ ರಾಯದುರ್ಗದಲ್ಲಿ ಪೊಟ್ಟಣ ಬಿಚ್ಚಿ ಅವಳ ಮುಂದೆ ಇಟ್ಟೆ. ಕೈ ಹಾಕಲಿಲ್ಲ.

"ಅಂಕಲ್, ಮೈದಾ ಹಾಕಿಲ್ಲ ತಾನೆ? ಕಾವಲಿ?"

ಹೇಳಿದೆ. ಎರಡು ಸಲ ಕೇಳಿ, ಆಮೇಲೆ ಮುರಿದು ಬಾಯಿಗಿಟ್ಟಳು.